‘ತಪ್ಪು’ ಎನ್ನದ ನಮ್ಮತ್ತಿಗೆ

ನಮ್ಮತ್ತಿಗೆಯ ಬಾಯಿಂದ ‘ತಪ್ಪು’ ಎಂಬ ಮಾತು ಹೊರಡಿಸಿದವರಿಗೆ ಬಿಸಿಬಿಸಿ ಮಸಾಲೆ ದೋಸೆ ಕೊಡಿಸುತ್ತೇನೆಂದು ಮೂಡಲಪಾಳ್ಯದ ನಮ್ಮ ಬೀದಿಗೆಲ್ಲ ಸಾರಿಬಿಟ್ಟಿದ್ದೆ. ನಾನು ಅಷ್ಟೊಂದು ಧಾರಾಳಿ ಅಂದುಕೊಂಡಿರಾ? ಛೆ ಛೆ! ಆ ದೋಸೆ ಯಾರ ಹೊಟ್ಟೆಗೂ ಹೋಗುವುದಿಲ್ಲ ಎಂಬ ಭಂಡ ಧೈರ್ಯ, ಅಷ್ಟೇ.

ಅತ್ತಿಗೆ ಪಿಯುಸಿ ಮುಗಿಸಿದ ಕೂಡಲೇ ಅಣ್ಣನನ್ನು ಮದುವೆಯಾಗಿ ನಮ್ಮ ಮನೆಗೆ ಬಂದವರು. ಹತ್ತು ವರ್ಷ ಸಂಸಾರ ಮಾಡಿ, ಒಂದು ದಿನ ಇದ್ದಕ್ಕಿದ್ದಂತೆ, ಪ್ರೈಮರಿ ಶಾಲೆಯ ಟೀಚರ್ ಆಗಬೇಕೆಂದು ಕೆಂಗೇರಿ ಕಡೆಯ ಕಾಲೇಜಿನಲ್ಲಿ ನಾಲ್ಕು ವರ್ಷದ ಡಿಗ್ರಿಗೆ ಸೇರಿಬಿಟ್ಟರು. ಮೊದಲ ದಿನ ಕ್ಲಾಸಿಗೆ ಕಾಲಿಟ್ಟಾಗ ಹುಡುಗಿಯರೆಲ್ಲ ಎದ್ದು ನಿಂತು “ಗುಡ್ ಮಾರ್ನಿಂಗ್ ಮೇಡಂ” ಅಂದರಂತೆ. ಇವರೇನು ಕಡಿಮೆಯೇ? “ಕೂತ್ಕೊಳ್ಳಿ, ಕೂತ್ಕೊಳ್ಳಿ” ಎಂದು ಕೈಯಾಡಿಸಿ, ಹಿಂದಿನ ಬೆಂಚಿಗೆ ಹೋಗಿ ತಾವೂ ಕೂತರಂತೆ!

ನಮ್ಮಪ್ಪ ರಿಟೈರ್ಡ್ ಹೈಸ್ಕೂಲ್ ಗಣಿತದ ಮೇಷ್ಟ್ರು. ‘ತಪ್ಪು’ ಎಂಬುದು ಅವರ ಬಾಯಿಗೆ ಎಲೆಅಡಿಕೆ ಇದ್ದ ಹಾಗೆ. ಪೇಪರಿನವರ ಕನ್ನಡ ತಪ್ಪು, ಎದುರುಮನೆಯವರು ಗೇಟು ಇಡಿಸಿದ ದಿಕ್ಕು ತಪ್ಪು, ನಾನು ಹುಟ್ಟಿದ ನಕ್ಷತ್ರವೂ ತಪ್ಪು. ಸೊಸೆ ಕಾಲೇಜಿಗೆ ಸೇರಿದ ಸುದ್ದಿ ಕೇಳಿ ಕನ್ನಡಕದ ಮೇಲಿಂದ ನೋಡಿದರು.

“ಒಂದನೇ ಕ್ಲಾಸಿಗೆ ಪಾಠ ಮಾಡೋಕೆ ನಾಕು ವರ್ಷ ಓದ್ಬೇಕೇನಮ್ಮ?”

“ನೀವು ಬಿಎಡ್ ಎಷ್ಟು ವರ್ಷ ಓದಿದ್ರಿ ಮಾವ?”

“ನಮ್ಮ ಕಾಲ್ದಲ್ಲಿ ಒಂದೇ ವರ್ಷ.”

“ನೀವು ಹೈಸ್ಕೂಲು ಹುಡುಗ್ರಿಗೆ ಪಾಠ ಮಾಡಿದ್ದು, ಒಂದೇ ವರ್ಷ ಸಾಕಾಯ್ತು. ನಾನು ಪಾಠ ಮಾಡೋ ಮಕ್ಕಳು ಚಿಕ್ಕೋರು ನೋಡಿ!”

ಅಪ್ಪ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ಆಮೇಲೆ ಶುರುವಾಯಿತು ನೋಡಿ ನಮ್ಮ ಗ್ರಹಚಾರ! ಮಕ್ಕಳ ಮನಸ್ಸಿನ ಬಗ್ಗೆ ಪಾಠ ಮಾಡುವ ಮೇಡಂ ಒಬ್ಬರು, ಮಗುವಿಗೆ ‘ತಪ್ಪು’ ಎನ್ನಬಾರದು, ‘ಇನ್ನೊಂದ್ಸಲ ನೋಡೋಣ್ವಾ?’ ಎನ್ನಬೇಕು ಎಂದು ಹೇಳಿಕೊಟ್ಟಿದ್ದರು. ಮಕ್ಕಳಿಗೆ ತಾನೇ? ಅಷ್ಟಕ್ಕೇ ಬಿಟ್ಟರೆ ಅವರು ನಮ್ಮತ್ತಿಗೆ ಹೇಗಾದಾರು!

ಒಮ್ಮೆ ವಿಜಯನಗರದ ಮೆಟ್ರೊ ಇಳಿದು ಇಬ್ಬರೂ ಆಟೊ ಹತ್ತಿದೆವು. ಡ್ರೈವರ್ ಮಾತಿನ ಭರದಲ್ಲಿ ಚಂದ್ರಾ ಲೇಔಟ್ ಒಳಗೆಲ್ಲೋ ನುಗ್ಗಿಸಿಬಿಟ್ಟ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಮುಂದೆ ಬಾಗಿ, “ಅಣ್ಣಾ, ನಾವು ಹೋಗ್ಬೇಕಾಗಿದ್ದು ಎಲ್ಲಿಗೆ? ಈಗ ಎಲ್ಲಿದೀವಿ? ಇನ್ನೊಂದ್ಸಲ ನೋಡೋಣ್ವಾ?” ಎಂದರು. ಅವನು ಕನ್ನಡಿಯಲ್ಲಿ ಇವರ ನಗುಮುಖ ನೋಡಿ ಹೆದರಿ, “ಮೇಡಂ, ಬೈದ್ಬಿಡಿ ಪರ್ವಾಗಿಲ್ಲ, ಹಿಂಗೆಲ್ಲ ಮಾತಾಡ್ಬೇಡಿ!” ಎಂದು ಗಾಡಿ ತಿರುಗಿಸಿದ. ಮನೆ ಮುಂದೆ ಇಳಿಯುವಾಗ ಜಾಣ ಮಕ್ಕಳಿಗೆ ಕೊಡಲೆಂದು ಪರ್ಸಿನಲ್ಲಿಟ್ಟುಕೊಂಡಿದ್ದ ಒಂದು ಕೆಂಪು ಸ್ಟಾರ್ ಅನ್ನು ಅವನ ಮುಂಗೈಗೆ ಅಂಟಿಸಿದರು. ಪಾಪ, ಅವನು ಅದನ್ನು ಕಿತ್ತು ಎಸೆಯಲಿಲ್ಲ.

ಅಣ್ಣ ಒಂದು ಭಾನುವಾರ ಸಾರಿಗೆ ಎರಡು ಸಲ ಉಪ್ಪು ಹಾಕಿದ. ನಾವೆಲ್ಲ ತುತ್ತು ಬಾಯಲ್ಲಿಟ್ಟುಕೊಂಡು ಕಣ್ಣು ಕಣ್ಣು ಬಿಡುತ್ತಿದ್ದರೆ ಅತ್ತಿಗೆಯದು ಪಾಠ!

“ಸಾರಿಗೆ ಏನೇನ್ ಹಾಕಿದ್ರಿ, ಒಂದೊಂದಾಗಿ ಹೇಳಿ ನೋಡೋಣ?”

“ಬೇಳೆ, ಟೊಮೇಟೊ, ಉಪ್ಪು, ಪುಡಿ... ಉಪ್ಪು.”

“ಶಭಾಷ್! ಯಾವ್ದು ಎರಡು ಸಲ ಬಂತು?”

ಅಣ್ಣ ಕೈಯೆತ್ತಿ ಉತ್ತರ ಹೇಳಿ ಸ್ಟಾರ್ ಗಿಟ್ಟಿಸಿದ. ನಾವು ಆ ಸಾರಿಗೆ ನೀರು ಬೆರೆಸಿ ಎರಡು ದಿನ ಉಂಡೆವು.

ಇಷ್ಟೆಲ್ಲ ಯಾಕೆ ಅತ್ತಿಗೆ ಎಂದು ಒಮ್ಮೆ ಕೇಳಿದ್ದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. “ಮೂರನೇ ಕ್ಲಾಸಲ್ಲಿ ನಾನೊಂದು ಲೆಕ್ಕ ಹೇಳಿದ್ದೆ ಕಣೋ. ಮೇಷ್ಟ್ರು ನಾನೀಗ ಹೇಳ್ದೇ ಇರೋ ಆ ಮಾತನ್ನೇ ಜೋರಾಗಿ ಕಿರುಚಿದ್ರು, ಇಡೀ ಕ್ಲಾಸು ನಕ್ಬಿಡ್ತು. ಆಮೇಲೆ ಪಿಯುಸಿವರೆಗೂ ನಾನು ಕೈ ಎತ್ಲೇ ಇಲ್ಲ,” ಎಂದರು. ಸೋಫಾದಲ್ಲಿದ್ದ ಅಪ್ಪ ಪೇಪರಿನ ಹಾಳೆ ತಿರುಗಿಸುವುದನ್ನು ನಿಲ್ಲಿಸಿದ್ದು ನನಗೆ ಕೇಳಿಸಿತು.

ಸಂಜೆ ಹಾಲ್‌ನಲ್ಲಿ ಚಾಪೆ ಹಾಸಿ ನಮಗೆ ಪಾಠ. ಡಬ್ಬಿ ತುಂಬ ಹುಣಸೆ ಬೀಜ. ನಾವು ಒಂದನೇ ಕ್ಲಾಸಿನ ಮಕ್ಕಳಾಗಬೇಕು, ತಪ್ಪು ಉತ್ತರ ಹೇಳಬೇಕು, ಅವರು ಬೀಜ ಜೋಡಿಸಿ ತಿದ್ದುವುದನ್ನು ಅಭ್ಯಾಸ ಮಾಡಬೇಕು. ಈ ಕೆಲಸಕ್ಕೆ ಅಣ್ಣ, ನಾನು ಹುಟ್ಟಾ ಪ್ರತಿಭಾವಂತರು! ಒಂದು ಸಂಜೆ ಅಪ್ಪನನ್ನೂ ಎಳೆದು ಕೂರಿಸಿದರು.

“ಎಂಟಕ್ಕೆ ಐದು ಕೂಡಿದ್ರೆ ಎಷ್ಟು ಮಾವ?”

“ಹದಿಮೂರು.”

“ಬೇರೆ ಉತ್ತರ ಹೇಳಿ ಮಾವ.”

“ಬೇರೆ ಉತ್ತರ ಎಲ್ಲಿಂದ ತರ್ಲಿ?”

“ಸುಮ್ನೆ, ಆಟಕ್ಕೆ ಹನ್ನೆರಡು ಅನ್ನಿ.”

“ಆಟಕ್ಕೂ ಹನ್ನೆರಡು ಆಗಲ್ಲಮ್ಮ! ನನ್ನ ಸರ್ವೀಸಲ್ಲೇ ನಾನು ತಪ್ಪು ಉತ್ತರ ಹೇಳ್ದೋನಲ್ಲ,” ಎಂದು ಮಂಡಿ ಹಿಡಿದುಕೊಂಡು ಎದ್ದುಹೋದರು.

ಹೋದ ತಿಂಗಳು ಹೇರೋಹಳ್ಳಿಯ ಒಂದು ಶಾಲೆಯಲ್ಲಿ ಅತ್ತಿಗೆಯ ಪರೀಕ್ಷಾ ಪಾಠವಿತ್ತು. ಕಾಲೇಜಿನಿಂದ ಬಂದ ಮೇಷ್ಟ್ರು ಹಿಂದೆ ಕೂತು ನೋಡುತ್ತಾರೆ. ಅವರು ಒಪ್ಪದಿದ್ದರೆ ಆ ವರ್ಷವೇ ಖೋತಾ. ಬೆಳಿಗ್ಗೆ ಹೊಸ ಸೀರೆಯುಟ್ಟು ಹೊರಟವರು ಸಂಜೆ ಬಂದಾಗ ಮುಖ ಬಾಡಿತ್ತು. ಮೂಲೆಯ ಹುಡುಗಿಯೊಬ್ಬಳು, ಅದುವರೆಗೂ ಬಾಯೇ ಬಿಡದವಳು, ಅಂದು ಕೈ ಎತ್ತಿದ್ದಳಂತೆ. ಎಂಟಕ್ಕೆ ಐದು ಕೂಡಿದರೆ ಹನ್ನೊಂದು ಎಂದಳಂತೆ. ಇನ್ನೊಂದ್ಸಲ ನೋಡೋಣ್ವಾ ಎಂದರೆ ಹತ್ತು, ಮತ್ತೆ ನೋಡೋಣ್ವಾ ಎಂದರೆ ಹದಿನೈದು. ಇವರು ಅವಳ ಪಕ್ಕದಲ್ಲೇ ಕೂತು ಬೀಜ ಎಣಿಸಿದರು. ಕೊನೆಗೂ ಹುಡುಗಿ ಹದಿಮೂರು ಎಂದಳು, ಗಂಟೆಯೂ ಹೊಡೆಯಿತು. ಪಾಠ ಅರ್ಧಕ್ಕೇ ನಿಂತಿತು.

“‘ಒಂದು ಮಗು ಹಿಂದೆ ಹೋಗಿ ಇಡೀ ಕ್ಲಾಸ್ ಬಿಟ್ರಲ್ರೀ, ಸರಿಯಿಲ್ಲ ಅಂತ ಹೇಳಿ ಮುಂದೆ ಹೋಗೋಕೇನ್ ಕಷ್ಟ’ ಅಂದ್ರು ಕಾಲೇಜ್ ಮೇಷ್ಟ್ರು. ಸೋಮವಾರ ಇನ್ನೊಂದು ಪಾಠ ಮಾಡ್ಬೇಕಂತೆ. ನಾನು ಹೋಗಲ್ಲ,” ಎಂದು ಅತ್ತಿಗೆ ಬೀಜದ ಡಬ್ಬಿಯನ್ನು ಅಟ್ಟದ ಮೇಲೆ ತಳ್ಳಿದರು. “ಈ ವಯಸ್ಸಲ್ಲಿ ನಾನು ಸೇರಿದ್ದೇ ತಪ್ಪು.”

ಹೊರಟೇಬಿಟ್ಟಿತು ಆ ಮಾತು! ಅಣ್ಣ ನನ್ನ ಮುಖ ನೋಡಿದ. ದೋಸೆಯ ಸುದ್ದಿ ಯಾರೂ ಎತ್ತಲಿಲ್ಲ.

ಅಪ್ಪ ಸೋಫಾ ಬಿಟ್ಟು ಎದ್ದರು. ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆಯನ್ನು ತಾವೇ ಬಿಡಿಸಿ ಹಾಸಿದರು. ಗೋಡೆ ಹಿಡಿದುಕೊಂಡು, ನೋಯುವ ಮಂಡಿಗಳನ್ನು ಹೇಗೋ ಮಡಚಿ, ಕೈಕಟ್ಟಿ ಕೂತರು.

“ಲೆಕ್ಕ ಕೇಳಮ್ಮ.”

“ಬೇಡಿ ಮಾವ.”

“ಕೇಳು ಅಂದ್ನಲ್ಲ.”

ಅತ್ತಿಗೆ ಗೋಡೆ ಕಡೆ ಮುಖ ಮಾಡಿಕೊಂಡೇ, ಸಣ್ಣ ದನಿಯಲ್ಲಿ, “ಎಂಟಕ್ಕೆ ಐದು ಕೂಡಿದ್ರೆ?” ಎಂದರು.

ಅಪ್ಪ ಸೀಲಿಂಗ್ ನೋಡಿದರು. ಫ್ಯಾನ್ ನೋಡಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಅವರ ತುಟಿ ಹದಿಮೂರಕ್ಕೆ ಸಿದ್ಧವಾಗಿ ಮುಚ್ಚಿಕೊಂಡಿದ್ದು ನನಗೆ ಚೆನ್ನಾಗಿ ಕಂಡಿತು.

“ಹನ್ನೆರಡು,” ಎಂದರು ಅಪ್ಪ.

ಅತ್ತಿಗೆ ತಿರುಗಿದರು. ಅಪ್ಪನನ್ನೇ ನೋಡುತ್ತ ನಿಂತರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಅಟ್ಟದಿಂದ ಡಬ್ಬಿ ಇಳಿಸಿ ಚಾಪೆಯ ಮೇಲೆ ಕೂತು, ಅಪ್ಪನ ಮುಂದೆ ಹುಣಸೆ ಬೀಜ ಒಂದೊಂದಾಗಿ ಇಡತೊಡಗಿದರು.

“ಇನ್ನೊಂದ್ಸಲ ನೋಡೋಣ್ವಾ ಮಾವ?”

“ನೋಡೋಣ ಮಿಸ್,” ಎಂದರು ಅಪ್ಪ.