ನಿಯಮಕ್ಕೆ ಗ್ಯಾರಂಟಿ ಏನ್ರಿ?

ಹರಿಹರದ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳೋದು ನನ್ನ ಕೆಲಸ. ಮನೆ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ. ವಿಜ್ಞಾನದಲ್ಲಿ ಎಲ್ಲಾ ಖಚಿತ ಅಂತ ಬೆಳಗ್ಗೆ ಹೇಳಿರ್ತೀನಿ. ಸಂಜೆಯೊಳಗೆ ಯಾರಾದರೂ ನನಗೇ ಅನುಮಾನ ಹುಟ್ಟಿಸಿರುತ್ತಾರೆ.

ಬಸ್ಸು

ಮೊದಲ ಪಾಠ. ಕೈಲಿದ್ದ ಸೀಮೆಸುಣ್ಣ ಬಿಟ್ಟೆ, ಬಿತ್ತು. "ನಾಳೆ ಬಿಟ್ಟರೂ ಬೀಳುತ್ತೆ. ಇದು ನಿಯಮ" ಅಂದೆ.

ಆಗಷ್ಟೇ ಏದುಸಿರು ಬಿಡುತ್ತಾ ಬಂದ ನಂದಿಗುಡಿಯ ಹುಡುಗಿ ಬಾಗಿಲಲ್ಲೇ ಕೇಳಿದಳು: "ನಾಳೆನೂ ಬೀಳ್ತೈತೆ ಅಂತ ಹೆಂಗೆ ಗೊತ್ತು ಸರ್?"

"ಇಲ್ಲಿತನಕ ಒಂದು ದಿನಾನೂ ತಪ್ಪಿಲ್ಲವಲ್ಲಮ್ಮ!"

"ನಮ್ಮೂರ ಬಸ್ಸೂ ನಿನ್ನೆತನಕ ತಪ್ಪಿರ್ಲಿಲ್ಲ ಸರ್. ಅದಕ್ಕೇ ಲೇಟಾತು."

ಒಳಗೆ ಕರೆದು ಹಾಜರಿ ಹಾಕಿದೆ.

ಫ್ರಿಜ್ಜು

ಬೇಸಿಗೆ ಮಧ್ಯಾಹ್ನ. ನಮ್ಮ ಅತ್ತೆ ಫ್ರಿಜ್ಜಿನ ಬಾಗಿಲು ತೆಗೆದಿಟ್ಟು, ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಹಂಗೆ ಮಾಡಬ್ಯಾಡ್ರಿ ಅತ್ತೆ. ಅದರ ಹಿಂದಿನಿಂದ ಬಿಸಿ ಹೊರಗೆ ಬರ್ತೈತೆ. ಒಟ್ಟಿನಲ್ಲಿ ರೂಮು ಇನ್ನೂ ಕಾಯ್ತೈತೆ."

"ನನಗೆ ತಂಪಾಗೈತಲ್ರಿ."

"ನಿಮಗಲ್ಲ, ರೂಮಿಗೆ!"

"ನಾನೇನು ರೂಮೇನ್ರಿ?"

ಬಿಸಿ ತೋರಿಸೋಕೆ ಫ್ರಿಜ್ಜಿನ ಹಿಂದೆ ಹೋಗಿ ನಿಂತೆ. "ಬಿಸಿ ಆ ಕಡೆ ಅಂತ ನೀವೇ ಅಂತೀರಿ, ಮತ್ತೆ ಅಲ್ಲೇ ಯಾಕ ನಿಂತೀರಿ? ಈ ಕಡೆ ಬರ್ರಿ" ಎಂದು ಇನ್ನೊಂದು ಕುರ್ಚಿ ಎಳೆದರು.

ಹೋಗಿ ಕೂತೆ. ತಂಪಾಗೇ ಇತ್ತು.

ಗುಂಡು

ಕಾಲೇಜಿನಲ್ಲಿ ವಿಜ್ಞಾನ ದಿನ. ಸಭಾಂಗಣದ ತೊಲೆಗೆ ಹಗ್ಗ ಕಟ್ಟಿ ಕಬ್ಬಿಣದ ಗುಂಡು ತೂಗುಹಾಕಿದ್ದೆ. ಅದನ್ನು ನಮ್ಮ ಗದ್ದದವರೆಗೆ ಎಳೆದು, ತಳ್ಳದೆ ಸುಮ್ಮನೆ ಬಿಟ್ಟರೆ, ವಾಪಸ್ ಬರುವಾಗ ಬಿಟ್ಟ ಜಾಗ ದಾಟೋದಿಲ್ಲ. ಅಲ್ಲಾಡದೆ ನಿಂತವರಿಗೆ ಏಟು ಬೀಳೋದಿಲ್ಲ. "ಇದು ನೂರಕ್ಕೆ ನೂರು ಖಚಿತ" ಅಂತ ಮೈಕಿನಲ್ಲಿ ಸಾರಿ, ಗುಂಡು ಬಿಟ್ಟೆ. ಅದು ತಿರುಗಿ ಬರುವ ರಭಸ ಕಂಡದ್ದೇ ತಡ, ಕಾಲುಗಳು ನನ್ನನ್ನು ಕೇಳದೆ ಪಕ್ಕಕ್ಕೆ ಜಿಗಿದವು. ಸಭಾಂಗಣವೆಲ್ಲ ನಗು.

ಪ್ರಿನ್ಸಿಪಾಲರು ಎದ್ದು ಬಂದರು. "ಸರೀರಿ, ನಾ ನಿಲ್ತೀನಿ."

ಬ್ಯಾಡ್ರಿ ಸರ್ ಅಂದರೂ ಕೇಳಲಿಲ್ಲ. ಗುಂಡನ್ನು ಗದ್ದಕ್ಕೆ ಹಿಡಿದು, ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, "ಉಕ್ಕಡಗಾತ್ರಿ ಅಜ್ಜಯ್ಯ, ನೀನೇ ಕಾಯಪ್ಪ" ಎಂದು ಬಿಟ್ಟರು. ಗುಂಡು ಹೋಯಿತು, ಬಂತು, ಗದ್ದದ ಹತ್ತಿರ ಒಂದು ಕ್ಷಣ ನಿಂತು ಹಿಂದಕ್ಕೆ ಹೊರಟಿತು. ಅವರು ಕದಲಲಿಲ್ಲ.

"ನೋಡಿದ್ರೇನ್ರಿ ಅಜ್ಜಯ್ಯನ ಮಹಿಮೆ!"

"ಸರ್, ಅದು ಶಕ್ತಿಯ ಸಂರಕ್ಷಣಾ ನಿಯಮ..."

"ಹಂಗಾದ್ರೆ ನೀವ್ಯಾಕ ಜಿಗಿದ್ರಿ?"

ಮುಂದಿನ ಸಾಲಿನಲ್ಲಿದ್ದ ಒಬ್ಬಳು ಕೈ ಎತ್ತಿದಳು: "ಪರೀಕ್ಷೆಗೆ ಬಂದ್ರೆ ಯಾವ ಕಾರಣ ಬರೀಬೇಕ್ರಿ ಸರ್?"

ನಾನು ಬಾಯಿ ತೆರೆಯೋ ಮೊದಲೇ ಪ್ರಿನ್ಸಿಪಾಲರು ಹೇಳಿದರು: "ನಿಯಮಾನೇ ಬರಿಯಮ್ಮ. ಕಾಯೋನು ಅಜ್ಜಯ್ಯನೇ; ಆದ್ರೆ ಮಾರ್ಕ್ಸ್ ಹಾಕೋರು ಇವರು."