ವೈನಿ ಕಟ್ಟಿದ ಹಣೆಪಟ್ಟಿ

ನಮ್ಮ ವೈನಿ ಒಂದು ತಗಡಿನ ಡಬ್ಬಿಗೆ ಐದು ಸೆಕೆಂಡಿಗೊಮ್ಮೆ ‘ಹೆಂಗದೀ?’ ಎಂದು ಕೇಳುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ನಾನು ವಾರಗಟ್ಟಲೆ ಕೆಮ್ಮಿದರೆ ಒಂದೇ ಸಲ ಕೇಳುತ್ತಿದ್ದರು, ಅದೂ ‘ಹೊರಗ ಹೋಗಿ ಕೆಮ್ಮರಿ ಭಾವೋಜಿ, ನನ್ನ ಲಕ್ಷ್ಯ ತಪ್ಪತೈತಿ’ ಎಂದು! ಡಬ್ಬಿಗೆ ಮಾತ್ರ ನಿಮಿಷಕ್ಕೆ ಹನ್ನೆರಡು ಸಲ. ದಿನಕ್ಕೆ ಎಷ್ಟಾಯಿತೆಂದು ನೀವೇ ಗುಣಿಸಿಕೊಳ್ಳಿ. ನಾನು ಕನ್ನಡದ ಮಾಸ್ತರ, ನನ್ನ ಗುಣಾಕಾರ ಅಷ್ಟಕ್ಕಷ್ಟೆ.

ವೈನಿ ಎಂದರೆ ನಮ್ಮಣ್ಣನ ಹೆಂಡತಿ. ಖಾನಾಪುರದ ಮಗಳು, ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಸಿಟ್ಟು ಬಂದರೆ ಎರಡೂ ಒಟ್ಟಿಗೆ. ಬೆಳಗಾವಿಯ ಹಿಂದವಾಡಿಯಲ್ಲಿ ಒಂದು ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದರು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅಲ್ಲಿಯ ಟೈಪರೈಟರುಗಳೆಲ್ಲ ಒಂದೊಂದಾಗಿ ಮೂಲೆ ಸೇರಿ, ಅವುಗಳ ಜಾಗದಲ್ಲಿ ಕಂಪ್ಯೂಟರುಗಳು ಬಂದು ಕೂತವು. ಟೈಪಿಂಗ್ ಟೀಚರ್ ಆಗಿ ಮಲಗಿದ ವೈನಿ ಕಂಪ್ಯೂಟರ್ ಟೀಚರ್ ಆಗಿ ಎದ್ದರು!

ಅನಗೋಳದ ನಮ್ಮ ಮನೆಯಲ್ಲಿ ಮೂರೇ ಜನ. ನಾನು ಬೆಳಗಿನ ರೈಲಿಗೆ ಖಾನಾಪುರದ ಶಾಲೆಗೆ ಹೋಗಿ ಸಂಜೆಯ ರೈಲಿಗೆ ಮರಳುವವನು. ವೈನಿ ಕ್ಲಾಸಿಗೆ ಹೋಗುವವರು. ಅಣ್ಣ ಎಲ್ಲಿಗೂ ಹೋಗದವನು. ಉದ್ಯಮಬಾಗಿನ ಒಂದು ಫೌಂಡ್ರಿಯಲ್ಲಿ ಕಾದ ಕಬ್ಬಿಣವನ್ನು ಅಚ್ಚಿಗೆ ಸುರಿಯುತ್ತಲೇ ಅವನ ಹರೆಯವೆಲ್ಲ ಕಳೆದಿತ್ತು. ಫೌಂಡ್ರಿ ಮುಚ್ಚಿದ ದಿನ ಮನೆಗೆ ಬಂದು, ಚಪ್ಪಲಿ ಕಳಚಿ, ‘ಮುಗೀತು’ ಎಂದ. ಅವತ್ತಿನಿಂದ ಮಾತನ್ನೂ ಹೆಚ್ಚುಕಡಿಮೆ ಮುಗಿಸಿಬಿಟ್ಟ. ಏನು ಕೇಳಿದರೂ ‘ಹೂಂ’. ಊಟ ಮಾಡ್ತೀಯೇನು? ಹೂಂ. ಬ್ಯಾಡೇನು? ಹೂಂ. ಅವನ ಹೂಂಗಳಲ್ಲಿ ಯಾವುದು ಹೌದು, ಯಾವುದು ಅಲ್ಲ ಎಂದು ಬಿಡಿಸಲು ಪಂಡಿತರೇ ಬೇಕಾಗಿತ್ತು. ಮೊದಮೊದಲು ನಾವಿಬ್ಬರೂ ಗಟ್ಟಿಯಾಗಿ ಮಾತಾಡಿ ಆ ಮೌನವನ್ನು ತುಂಬಲು ನೋಡಿದೆವು. ಆಮೇಲೆ ನಮಗೂ ಸಾಕಾಯಿತು. ಎರಡು ವರ್ಷದಲ್ಲಿ ನಮ್ಮ ಮನೆಯಲ್ಲಿ ತಾಟು, ಲೋಟಗಳ ಸಪ್ಪಳವೇ ದೊಡ್ಡ ಸಂಭಾಷಣೆಯಾಗಿತ್ತು.

ಇಂಥ ಮನೆಗೆ ಡಬ್ಬಿ ಬಂತು. ಕ್ಲಾಸಿನವರು ಹಳೆಯದೆಂದು ಎತ್ತಿಟ್ಟಿದ್ದ ಕಂಪ್ಯೂಟರನ್ನು ವೈನಿ ಕೇಳಿ ಪಡೆದು, ಅದರ ಪರದೆಯನ್ನು ತೊಡೆಯ ಮೇಲೆ ಕೂಸಿನಂತೆ ಕೂರಿಸಿಕೊಂಡು ಆಟೋದಲ್ಲಿ ತಂದರು. ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದಿದ್ದ ಲಿನಕ್ಸ್ ಸಿ.ಡಿ.ಯನ್ನು ಅದರೊಳಗೆ ತುರುಕಿದರು. ನಾನು ಬಣ್ಣಬಣ್ಣದ ಚಿತ್ರ ಬರುತ್ತದೆಂದು ಚಹಾ ಹಿಡಿದು ಕಾದು ಕೂತರೆ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಇರುವೆ ಸಾಲಿನಂತೆ ಹರಿದವು.

‘ಇದರಾಗ ಚಿತ್ರ ಇಲ್ಲೇನ್ರಿ ವೈನಿ?’

‘ಚಿತ್ರ ನೋಡೂದಿದ್ರ ಟಾಕೀಸಿಗೆ ಹೋಗ್ರಿ.’

ನಿಜಕ್ಕೂ ಚಿತ್ರವೂ ಇತ್ತು, ಕಿಟಕಿಗಳೂ ಇದ್ದವು. ಆದರೆ ವೈನಿಗೆ ಅವುಗಳ ಗೊಡವೆ ಬೇಕಿರಲಿಲ್ಲ. ಅವರಿಗೆ ಹುಚ್ಚು ಹಿಡಿಸಿದ್ದು ಶೆಲ್ ಸ್ಕ್ರಿಪ್ಟು. ಮದುವೆ ಮನೆಯಲ್ಲಿ ಅಡುಗೆಯವನಿಗೆ ಮೊದಲು ಇದು ಮಾಡು, ಆಮೇಲೆ ಅದು ಮಾಡು ಎಂದು ಯಾದಿ ಬರೆದುಕೊಡುತ್ತಾರಲ್ಲ, ಹಾಗೆ ಕಂಪ್ಯೂಟರಿಗೆ ಬರೆದುಕೊಡುವ ಯಾದಿ ಅದು. ವೈನಿ ಬರೆದ ಯಾದಿಯಿಂದ ಪರದೆಯ ನೆತ್ತಿಗೆ ಉದ್ದಕ್ಕೆ ಒಂದು ಪಟ್ಟಿ ಮೂಡಿತು. ಕನ್ನಡ ಲಿಪಿ ಆ ಯಂತ್ರಕ್ಕೆ ಬಾರದು; ಹೀಗಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಶಬ್ದಗಳು: ತಲಿ, ನೆನಪು, ಹೊಟ್ಟಿ, ಎಚ್ಚರ. ತಲಿ ಎಂದರೆ ಯಂತ್ರದ ಮೇಲೆ ಈಗಿರುವ ಕೆಲಸದ ಭಾರ. ನೆನಪು ಎಂದರೆ ಮೆಮರಿಯಲ್ಲಿ ಉಳಿದಿರುವ ಜಾಗ. ಹೊಟ್ಟಿ ಎಂದರೆ ಡಿಸ್ಕು ಎಷ್ಟು ತುಂಬಿದೆ ಎಂಬುದು. ಎಚ್ಚರ ಎಂದರೆ ಚಾಲೂ ಆಗಿ ಎಷ್ಟು ಹೊತ್ತಾಯಿತು ಎಂಬುದು. ಕರೆಂಟಿನ ಕೃಪೆಯಿಂದ ಆ ಎಚ್ಚರ ಎರಡು ಗಂಟೆ ದಾಟಿದ್ದನ್ನು ನಾನಂತೂ ಕಾಣೆ!

‘ಇದರಿಂದ ಏನ ಉಪಯೋಗ್ರಿ?’ ಎಂದೆ.

‘ಅದಕ್ಕೇನ ತ್ರಾಸ ಐತಿ ಅಂತ ಗೊತ್ತಾಗತೈತಿ.’

‘ಗೊತ್ತಾಗಿ ಏನ ಮಾಡ್ತೀರಿ?’

‘ಮದ್ಲ ಗೊತ್ತರ ಆಗ್ಲಿ!’

ಮೊದಲ ದಿನವೇ ಪಟ್ಟಿಯಲ್ಲಿ ತಲಿಯ ಭಾರ ಏರತೊಡಗಿತು. ಯಂತ್ರ ಮುಲುಗುಟ್ಟಿತು, ಒಂದು ಅಕ್ಷರ ಒತ್ತಿದರೆ ಅದು ಮೂಡುವಷ್ಟರಲ್ಲಿ ಅಕ್ಕಿ ಆರಿಸಿಡಬಹುದಿತ್ತು. ವೈನಿ ಮೂರು ದಿನ ಊಟವನ್ನು ಕೈಯಲ್ಲಿ ಹಿಡಿದುಕೊಂಡೇ ಕಾರಣ ಹುಡುಕಿದರು. ಅದನ್ನು ಅಳಿಸಿದರು, ಇದನ್ನು ನಿಲ್ಲಿಸಿದರು. ಕೊನೆಗೆ ಸಿಕ್ಕಿಬಿದ್ದ ಕಳ್ಳ ಯಾರು ಗೊತ್ತೇ? ಆ ಪಟ್ಟಿಯೇ!

‘ಪುರಸೊತ್ತು ಕೊಡದಂಗ ಹೆಂಗದೀ, ಹೆಂಗದೀ ಅಂತ ಕೇಳಿ ಕೇಳಿ ನಾನ ಅದರ ತಲಿ ಕೆಡಿಸಿದ್ನಿರಿ ಭಾವೋಜಿ,’ ಎಂದು ವೈನಿ ಹಣೆ ಬಡಿದುಕೊಂಡರು. ಆಮೇಲೆ ಯಾದಿಯಲ್ಲಿ ‘ಐದು ಸೆಕೆಂಡು ನಿದ್ದಿ ಮಾಡು’ ಎಂಬ ಆಜ್ಞೆಯನ್ನು ಸೇರಿಸಿದರು. ಯಂತ್ರ ಸುಧಾರಿಸಿಕೊಂಡಿತು. ನಾನು ನಕ್ಕೆ. ಗೋಡೆಯ ಪಕ್ಕದ ಮಂಚದಲ್ಲಿ ಅಣ್ಣ ಮಗ್ಗಲು ಬದಲಿಸಿದ, ಅಷ್ಟೇ. ನಿದ್ದೆ ಎಂಬುದು ಅವನನ್ನು ಬಿಟ್ಟುಹೋಗಿ ತಿಂಗಳುಗಳಾಗಿದ್ದವು.

ಇಷ್ಟಕ್ಕೆ ಸುಮ್ಮನಾದರೆ ಅವರು ನಮ್ಮ ವೈನಿ ಹೇಗಾದಾರು? ಡಿಸ್ಕು ತುಂಬುತ್ತ ಬಂದರೆ ಕಂಪ್ಯೂಟರ್ ಕೂಗಿಕೊಳ್ಳುವಂತೆ ಮಾಡಿದರು. ಅದೇ ಹೊತ್ತಿಗೆ ನನಗೆ ಕನ್ಯೆ ನೋಡುವ ಕಾರ್ಯಕ್ರಮ ನಡೆದಿತ್ತು. ಪೀರನವಾಡಿಯಿಂದ ಹುಡುಗಿಯ ತಂದೆ ನಮ್ಮ ಮನೆತನ ನೋಡಲು ಬಂದರು. ಮನೆಯಲ್ಲಿ ಗಟ್ಟಿ ಕುರ್ಚಿ ಒಂದೇ, ಅದೂ ಕಂಪ್ಯೂಟರಿನ ಮುಂದಿನದು. ‘ಬರ್ರಿ, ಕುಂದರ್ರಿ’ ಎಂದು ಅಲ್ಲೇ ಕೂರಿಸಿದೆವು. ಉಪ್ಪಿಟ್ಟು ಮುಗಿಸಿದರು. ವೈನಿ ಒತ್ತಾಯ ಮಾಡಿ ಎರಡನೆಯ ಸಲ ಬಡಿಸಿದರು. ಹಿರಿಯರು ಮೊದಲ ತುತ್ತನ್ನು ಬಾಯಿಗಿಡುವುದಕ್ಕೂ ಯಂತ್ರ ಕುಂಯ್ ಕುಂಯ್ ಎನ್ನುವುದಕ್ಕೂ ಸರಿಹೋಯಿತು. ಅವರು ಕನ್ನಡಕ ಏರಿಸಿ, ಮಿನುಗುತ್ತಿದ್ದ ಪಟ್ಟಿಯನ್ನು ಅಕ್ಷರ ಕೂಡಿಸಿ ಓದಿದರು: ‘ಹೊ... ಟ್ಟಿ... ತುಂಬೇತಿ!’

ತಾಟು ಕೆಳಗಿಟ್ಟರು. ‘ಹೇಳಿದ್ರ ನಾನ ಬಿಡತಿದ್ನೆಲ್ರಿ. ಯಂತ್ರದ ಕಡಿಂದ ಹೇಳಸೂದ್ಯಾಕ?’

ಆ ಸಂಬಂಧ ಕೂಡಲಿಲ್ಲ ಎಂದು ಬೇರೆ ಹೇಳಬೇಕೆ? ಅವರು ಗೇಟು ದಾಟಿದ್ದೇ ತಡ, ನಾನೂ ವೈನಿಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತ ವೈನಿ ಅಣ್ಣನ ಕಡೆ ನೋಡಿದರು. ಅವನು ಉಪ್ಪಿಟ್ಟಿನ ತಾಟನ್ನು ಹಾಗೇ ಇಟ್ಟುಕೊಂಡು ಎದುರಿನ ಗೋಡೆ ನೋಡುತ್ತಿದ್ದ. ವೈನಿಯ ನಗು ಅಲ್ಲಿಗೇ ನಿಂತಿತು. ಅವರೆದ್ದು ಹೋಗಿ ಅವನ ತಾಟು ತೆಗೆದುಕೊಂಡು ಒಳಗೆ ನಡೆದರು.

ಖಾನಾಪುರದಲ್ಲಿ ನಾನು ಆಗಾಗ ವೈನಿಯ ತಾಯಿಯನ್ನು ಕಂಡು ಬರುತ್ತಿದ್ದೆ. ಈ ಪ್ರಸಂಗ ಹೇಳಿ ನಗಿಸಲು ನೋಡಿದೆ. ಮುದುಕಿ ನಗಲಿಲ್ಲ. ‘ಅಳಿಯಂದ್ರದೂ ಒಂದ ಪಟ್ಟಿ ಹಾಕು ಅನ್ನಪಾ ಆಕೀಗೆ. ಅವರ ಹೊಟ್ಟ್ಯಾಗ ಏನೈತಿ ಅಂತ ತಿಳೀಲಿ,’ ಎಂದರು. ನಾನು ಅದನ್ನು ಚೇಷ್ಟೆಯೆಂದುಕೊಂಡು ವೈನಿಗೆ ಮುಟ್ಟಿಸಿದೆ. ಮಾಸ್ತರರಿಗೆ ಬುದ್ಧಿ ಇರುವುದಿಲ್ಲ ಎನ್ನುವುದು ಸುಮ್ಮನೆ ಅಲ್ಲ!

ಮರುದಿನವೇ ಪಟ್ಟಿಯ ಕೊನೆಗೆ ಹೊಸ ಶಬ್ದವೊಂದು ಕಾಣಿಸಿಕೊಂಡಿತು: ಅವರು. ಅದರ ಮುಂದೆ ವೈನಿ ತಾವೇ ಒಂದೊಂದು ಮಾತು ಬರೆದಿಡುತ್ತಿದ್ದರು. ‘ಉಂಡಾರ.’ ‘ಅರ್ಧಾ ಬಿಟ್ಟಾರ.’ ‘ಅಂಗಳದಾಗ ಅದಾರ.’ ಯಂತ್ರ ಅದನ್ನೂ ಐದೈದು ಸೆಕೆಂಡಿಗೆ ನಿಷ್ಠೆಯಿಂದ ಓದಿ ತೋರಿಸುತ್ತಿತ್ತು. ನನಗೆ ತಡೆಯಲಾಗಲಿಲ್ಲ.

‘ಅಣ್ಣ ಏನ ಯಂತ್ರ ಅಂತ ತಿಳದೀರಿ?’

‘ಯಂತ್ರ ಆಗಿದ್ರ ಚೊಲೋ ಇತ್ತು,’ ಎಂದರು ವೈನಿ ತಿರುಗಿಯೂ ನೋಡದೆ. ‘ಎಲ್ಲಿ ಕೆಟ್ಟೈತಿ ಅಂತ ಹೇಳತಿತ್ತು. ಎರಡ ವರ್ಷ ಆತು ಭಾವೋಜಿ, ನಾ ಕೇಳೂದು, ಅವರು ಹೂಂ ಅನ್ನೂದು. ನನಗೂ ಏನರ ಒಂದ ಬೇಕಲ್ರಿ ನೋಡಾಕ.’



ಆ ಮಳೆಗಾಲದ ಒಂದು ಮಧ್ಯಾಹ್ನ ಶಾಲೆಗೆ ಫೋನು ಬಂತು. ಹೆಡ್‌ಮಾಸ್ತರರ ಕೋಣೆಗೆ ಹೋಗಿ ಎತ್ತಿಕೊಂಡರೆ ವೈನಿ. ದನಿ ಅವರದೆಂದು ಗುರುತು ಹತ್ತಲಿಲ್ಲ.

‘ಅವರು ಮನ್ಯಾಗಿಲ್ಲ. ಬಾಗಲಾ ತಗದ ಐತಿ. ಚಪ್ಪಲಿ ಇಲ್ಲೇ ಅದಾವ. ಫೌಂಡ್ರಿ ಗೇಟಿಗೆ ಹೋಗಿ ಬಂದೆ, ಅಲ್ಲೂ ಇಲ್ಲ. ಸ್ಟೇಷನ್ನಿನಾಗ ಯಾರೋ ನೋಡೇನಿ ಅಂದ್ರು. ಖಾನಾಪುರಕ್ಕ ಬಂದಾರೇನ ನೋಡ್ರಿ. ನಾ ಕ್ಲಾಸಿನ ಫೋನಿನ ಮುಂದ ಕುಂದರತೀನಿ.’

ತರಗತಿಯನ್ನು ಹಾಗೆಯೇ ಬಿಟ್ಟು ಓಡಿದೆ. ವೈನಿಯ ತಾಯಿಯ ಮನೆಗೆ ಅವನು ಬಂದಿರಲಿಲ್ಲ. ಮುದುಕಿ ನನ್ನ ಮುಖ ನೋಡಿದರು. ‘ಹೊಳಿ ಕಡೆ ಹೋಗು. ಲಗೂನ ಹೋಗು,’ ಎಂದರು.

ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಘಾಟಿನ ಮೆಟ್ಟಿಲುಗಳಲ್ಲಿ ಎಷ್ಟೋ ಮುಳುಗಿದ್ದವು. ಉಳಿದವುಗಳಲ್ಲಿ ಒಂದರ ಮೇಲೆ ಅಣ್ಣ ಬರಿಗಾಲಿನಲ್ಲಿ ಕೂತಿದ್ದ, ಮಳೆಯಲ್ಲಿ ತೊಯ್ಯುತ್ತ. ಕೂಗಿದರೆ ಏನಾದೀತೋ ಎಂದು ಕೂಗದೆ, ಇಳಿದು ಅವನ ಬಾಜೂಕ್ಕೆ ಕೂತು ಅವನ ಅಂಗಿಯ ತೋಳು ಹಿಡಿದೆ.

‘ಯಾಕ ಬಂದಿ ಅಣ್ಣಾ?’

ನೀರನ್ನೇ ನೋಡುತ್ತ ಎಂದ: ‘ಗೊತ್ತಿಲ್ಲ.’

‘ಏಳು. ಹೋಗೂಣು.’

ಎದ್ದ. ಅಷ್ಟಕ್ಕೇ ನನಗೆ ಅಳು ಬಂತು. ಅವನ ಅತ್ತೆಯ ಮನೆಯಲ್ಲಿ ಮುದುಕಿ ತಮ್ಮ ಸೆರಗಿನಿಂದ ಅವನ ತಲೆ ಒರೆಸಿ, ಬಿಸಿ ಅನ್ನ ಹಾಕಿದರು. ನಾನು ಫೋನು ಹುಡುಕಿಕೊಂಡು ಹೋಗಿ ವೈನಿಗೆ ಹೇಳಿದೆ. ಅಲ್ಲಿಂದ ಹೊರಟು ಸಂಜೆಯ ರೈಲಿನಲ್ಲಿ ಕೂರುವವರೆಗೂ ನಾನು ಅವನ ತೋಳು ಬಿಡಲಿಲ್ಲ. ಅರ್ಧ ದಾರಿಯಲ್ಲಿ ಅವನಾಗಿಯೇ ಮಾತಾಡಿದ.

‘ಮುಂಜಾನೆ ಆಕಿ ಪಟ್ಟ್ಯಾಗ ಆರಾಮ ಅದಾರ ಅಂತ ಬರದಿದ್ಲು.’

‘ಹೌದೇನು?’

‘ನಿನ್ನೆ ಒಂದ ರೊಟ್ಟಿ ಹೆಚ್ಚ ತಿಂದಿದ್ನೆಲ್ಲ, ಅದಕ. ನೋಡಕೋತ ಕುಂತೆ. ಹೋಗತಿತ್ತು, ಮತ್ತ ಬರತಿತ್ತು, ಆರಾಮ ಅದಾರ, ಆರಾಮ ಅದಾರ ಅಂತ. ಸುಳ್ಳ ಐತಿ ಅದು. ನೋಡಾಕ ಆಗಲಿಲ್ಲ.’

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ಗಾಬರಿಯಲ್ಲೇ ಓದುತ್ತೀರಿ. ಅದೇ ವಾರ ಅವನನ್ನು ಡಾಕ್ಟರರ ಕಡೆ ಕರೆದೊಯ್ದೆವು. ಗುಳಿಗೆಗಳು ತಿಂಗಳುಗಟ್ಟಲೆ ನಡೆದವು. ಒಳ್ಳೆಯ ದಿನಗಳೂ ಬಂದವು, ಕೆಟ್ಟವೂ ಬಂದವು. ವರ್ಷದ ಮೇಲೆ ಅಣ್ಣ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಹಳೆಯ ಅಣ್ಣ ಪೂರ್ತಿ ಮರಳಿ ಬಂದ ಎಂದು ಹೇಳಲಾರೆ. ಬಂದಷ್ಟಕ್ಕೆ ನಾವು ಕೃತಜ್ಞರು.

ಆದರೆ ಆ ಸಂಜೆ. ವೈನಿ ಮಳೆಯಲ್ಲಿ ಗೇಟು ಹಿಡಿದು ನಿಂತಿದ್ದರು. ಅಣ್ಣ ಅವರನ್ನು ದಾಟಿ ನೇರ ಒಳಗೆ ಹೋಗಿ, ಒದ್ದೆ ಬಟ್ಟೆಯಲ್ಲೇ ಆ ಗಟ್ಟಿ ಕುರ್ಚಿಯ ಮೇಲೆ ಕೂತ.

‘ಇದನ್ನ ತಿದ್ದೂದ ಹೆಂಗ? ನನಗ ತೋರಸು.’

ನೂರಾರು ಜನರಿಗೆ ಕಲಿಸಿದ ವೈನಿ ಕೀಲಿಮಣೆಯನ್ನು ಅವನ ಹತ್ತಿರ ಸರಿಸಿ, ಹಳೆಯ ಮಾತನ್ನು ಅಳಿಸಿ, ಪಕ್ಕದಲ್ಲಿ ನಿಂತರು. ಕಬ್ಬಿಣ ಸಿಡಿದು ಕಲೆಯಾಗಿದ್ದ ಒಂದೇ ಬೆರಳಿನಿಂದ ಅಣ್ಣ ಅಕ್ಷರ ಹುಡುಕಿ ಹುಡುಕಿ ಒತ್ತಿದ. ಜೆ ಸಿಗಲಿಲ್ಲ. ವೈನಿ ಅವನ ಬೆರಳು ಹಿಡಿದು ಅದರ ಮೇಲಿಟ್ಟರು. ಬರೆದು ಮುಗಿಸಿದ ಮೇಲೆ ಪಟ್ಟಿ ಬದಲಾಗಲು ಐದು ಸೆಕೆಂಡು ಬೇಕು. ಮೂವರೂ ಕಾದೆವು.

ಪಟ್ಟಿಯಲ್ಲಿ ಬಂತು: ‘ಅವರು: ಅಂಜಿಕಿ.’

ವೈನಿ ಅದನ್ನು ಓದಿದರು. ನೆಲದ ಮೇಲೆ ಅವನ ಒದ್ದೆ ಕಾಲುಗಳ ಹತ್ತಿರ ಕೂತು, ಅವನ ಮೊಣಕಾಲಿಗೆ ತಲೆ ಆನಿಸಿದರು.

‘ನನಗೂ ಐತ್ರಿ,’ ಎಂದರು.