ಇಲ್ಲದ ಕರೆಂಟು ಮಾರಿದವರನ್ನು ವಾಪಸ್ ಕರೆಸಿಕೊಳ್ಳುವ ಬಗ್ಗೆ

ಇಂದ:
ಜಲವಿದ್ಯುತ್ ಸ್ಥಾವರದ ಶಿಫ್ಟ್ ಎಂಜಿನಿಯರ್
(ಅಮಾನತಾದ ನೌಕರರ ಹೆಂಡತಿ)

ಗೆ:
ವ್ಯವಸ್ಥಾಪಕರು, ವಿದ್ಯುತ್ ಮಾರಾಟ ಕಚೇರಿ

ವಿಷಯ: ಯಜಮಾನರನ್ನು ವಜಾ ಮಾಡದೆ ಕೆಲಸಕ್ಕೆ ವಾಪಸ್ ತೆಗೆದುಕೊಳ್ಳುವ ಕುರಿತು.

ಉಲ್ಲೇಖ: ತಮ್ಮ ಅಮಾನತು ಆದೇಶ, ಹಾಗೂ ಅರ್ಜಿದಾರಳ ತಲೆನೋವು.

ಮಾನ್ಯರೇ,

೧. ಅರ್ಜಿದಾರಳ ಯಂತ್ರದ ತಾಕತ್ತು ನಲವತ್ತು ಮೆಗಾವ್ಯಾಟ್. ಅದು ಒಂದು ಗಂಟೆ ಓಡಿದರೆ ನಲವತ್ತು ಮೆಗಾವ್ಯಾಟ್-ಅವರ್ ಕರೆಂಟು, ಕಾಲು ಗಂಟೆಗೆ ಹತ್ತು. ಸದರಿ ಯಜಮಾನರು ಕಾಲು ಗಂಟೆಯ ಮಾರಾಟದ ಖಾನೆಯಲ್ಲಿ ಹತ್ತು ಬರೆಯುವ ಬದಲು ನಲವತ್ತು ಬರೆದು, ಇಲ್ಲದ ಕರೆಂಟನ್ನೆಲ್ಲ ಮಾರಿಬಿಟ್ಟರು. ಆಮೇಲೆ ಸ್ಥಾವರಕ್ಕೆ ಅವರದೇ ಫೋನು ಬಂತು.

“ಸ್ವಲ್ಪ ಜಾಸ್ತಿ ಓಡ್ಸೇ, ಮಾನ ಹೋಗುತ್ತೆ!”

“ನಾಲ್ಕು ಪಟ್ಟು ಎಲ್ಲಿಂದ ತರ್ಲಿ ರೀ? ಹಿಂದೆ ನಿಂತು ನೂಕ್ಲಾ?”

೨. ಅಂದು ಸಂಜೆ ಅಡುಗೆಮನೆಯಲ್ಲಿ ವಿಚಾರಣೆ ನಡೆಯಿತು. “ಮೆಗಾವ್ಯಾಟ್, ಮೆಗಾವ್ಯಾಟ್-ಅವರ್, ಎರಡೂ ಕರೆಂಟೇ ತಾನೇ?” ಎಂಬುದು ಯಜಮಾನರ ವಾದ.

“ಮದುವೆಯಾದ ಹೊಸದರಲ್ಲಿ ಒಂದ್ಸಲ ಅಬ್ಬರದಿಂದ ಮನೆ ಗುಡಿಸಿದ್ರಲ್ಲ, ಅದು ಮೆಗಾವ್ಯಾಟ್. ಅವತ್ತಿಂದ ನಾನು ಗುಡಿಸ್ತಾ ಬಂದಿದೀನಲ್ಲ, ಅದು ಮೆಗಾವ್ಯಾಟ್-ಅವರ್. ಜೋರು ಬೇರೆ, ಒಟ್ಟು ಕೆಲಸ ಬೇರೆ.”

ಯಜಮಾನರಿಗೆ ಕೊನೆಗೂ ಅರ್ಥವಾಗಿತ್ತು.

೩. ಅರ್ಥವಾದದ್ದೇ ತೊಂದರೆಯಾಯಿತು. ಈಗ ಅತ್ತೆಯವರು ಇಸ್ತ್ರಿಪೆಟ್ಟಿಗೆ ಹಿಡಿದರೆ ಸಾಕು, ಪಕ್ಕದಲ್ಲಿ ನಿಂತು ಯಜಮಾನರ ಮೆಗಾವ್ಯಾಟ್ ಪಾಠ ಶುರು. “ಇವನ ಮಾತು ಕೇಳ್ತಾ ಎರಡು ಅಂಗಿ ಸುಟ್ಟೆ. ಹೇಗಾದ್ರೂ ಮಾಡಿ ಇವನನ್ನ ಆಫೀಸಿಗೆ ಕಳ್ಸಮ್ಮ” ಎಂದು ಅತ್ತೆಯವರು ಕೈಮುಗಿದಿದ್ದಾರೆ.

೪. ಇಷ್ಟೆಲ್ಲ ವಟಗುಟ್ಟುವವರು ಆಫೀಸಿನ ಹೊತ್ತಿಗೆ ಸರಿಯಾಗಿ ಶೂ ಹಾಕಿಕೊಂಡು ಬಾಗಿಲವರೆಗೆ ಹೋಗುತ್ತಾರೆ, ಆಮೇಲೆ ನೆನಪಾಗಿ ಬಿಚ್ಚಿಡುತ್ತಾರೆ. ಈ ಕೆಲಸ ಹೋದರೆ ಮನುಷ್ಯ ಕುಗ್ಗಿಹೋಗುತ್ತಾರೆ.

೫. ತಮ್ಮ ಆದೇಶದಲ್ಲಿ “ಮೂವತ್ತು ಮೆಗಾವ್ಯಾಟ್ ಕರೆಂಟು ಕೊರತೆ” ಎಂದಿದೆ. ಕೊರತೆಯಾದದ್ದು ಮೂವತ್ತು ಮೆಗಾವ್ಯಾಟ್-ಅವರ್. ತಾವೂ ಅದೇ ಹಳ್ಳಕ್ಕೆ ಬಿದ್ದಿದ್ದೀರಿ, ಕೆಳಗೆ ಸಹಿಯೂ ಇದೆ. ಅರ್ಜಿದಾರಳು ಇದನ್ನು ಇನ್ನೂ ಯಾರಿಗೂ ಹೇಳಿಲ್ಲ.

ಆದ್ದರಿಂದ ಆದೇಶವನ್ನು ತಿದ್ದಲು ಈ ವ್ಯತ್ಯಾಸ ಬಲ್ಲವರೊಬ್ಬರು ತಮಗೆ ತುರ್ತಾಗಿ ಬೇಕಾಗಿದ್ದಾರೆ. ಅಂಥವರೊಬ್ಬರು ನಮ್ಮಲ್ಲಿ ಖಾಲಿ ಇದ್ದಾರೆ.

ಇಂತಿ, ಇನ್ನೂ ಸ್ವಲ್ಪ ತಾಳ್ಮೆ ಉಳಿದಿರುವ
ತಮ್ಮ ವಿಶ್ವಾಸಿ

ಲಗತ್ತುಗಳು:
೧. ಸದರಿ ಆದೇಶದ ಪ್ರತಿ, ಕೆಂಪು ಗೆರೆ ಸಮೇತ.
೨. ಯಜಮಾನರು. ತಮ್ಮ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಸ್ವೀಕೃತಿಗೆ ಸಹಿ ಹಾಕಿ ಒಳಗೆ ಕರೆದುಕೊಳ್ಳುವುದು. ಯಾವ ಕಾರಣಕ್ಕೂ ಕಳುಹಿಸಿದವರ ವಿಳಾಸಕ್ಕೆ ಹಿಂತಿರುಗಿಸಬಾರದಾಗಿ ವಿನಂತಿ.